ಕೈಗೆ ಸಿಕ್ಕ ಸುಖದ ಲೆಕ್ಕ

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲಿ ಎಲ್ಲವೂ ಎದ್ದು ಕಾಣುತ್ತದೆ. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ, ಕಿಟಕಿ ಪಕ್ಕದ ಮೇಜು, ಹೆಸರು ಹಿಡಿದು ಮಾತನಾಡಿಸುವ ಸಹೋದ್ಯೋಗಿ, ತಿಂಗಳ ಕೊನೆಗೆ ಫೋನಿಗೆ ಬರುವ ಸಂಬಳದ ಸಂದೇಶ. ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ, ದೇವರಿಗೊಂದು ಹಣ್ಣುಕಾಯಿ. ವರ್ಷ ತಿರುಗುವಷ್ಟರಲ್ಲಿ ಮೇಜು ಅದೇ ಇರುತ್ತದೆ, ಸಂಬಳ ತುಸು ಏರಿಯೂ ಇರುತ್ತದೆ; ಆದರೆ ಸಂಜೆ ಮನೆಗೆ ಬಂದಾಗ ಮಾತೆಲ್ಲ ಟ್ರಾಫಿಕ್ಕಿನದು, ಮುಗಿಯದ ಮೀಟಿಂಗಿನದು. ಇದನ್ನು ಕೃತಘ್ನತೆ ಎಂದು ಜರೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ. 2005ರಲ್ಲಿ ವೆಂಡಿ ಬಾಸ್ವೆಲ್ ಮತ್ತು ಸಂಗಡಿಗರು ಅಮೆರಿಕದ ಹಿರಿಯ ಮ್ಯಾನೇಜರುಗಳ ಉದ್ಯೋಗತೃಪ್ತಿಯನ್ನು ಹಲವು ವರ್ಷ ಬೆನ್ನುಹತ್ತಿ ಅಳೆದು ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಏರಿಳಿತ ಕಂಡಿತ್ತು. ಹಳೆಯ ಕೆಲಸ ಬಿಡುವ ಮುನ್ನ ತೃಪ್ತಿ ತಗ್ಗುತ್ತದೆ, ಹೊಸದು ಸಿಕ್ಕೊಡನೆ ಜಿಗಿಯುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಈ ಏರಿಕೆಗೆ ಅವರು ಮಧುಚಂದ್ರದ ಹೆಸರನ್ನೇ ಕೊಟ್ಟರು.

ಇಳಿಯುವುದೇಕೆ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದರೆ, ಅದರ ಬೇರು ಕಣ್ಣಿನವರೆಗೂ ಚಾಚಿದೆ. 1804ರಲ್ಲಿ ಸ್ವಿಸ್ ವೈದ್ಯ ಇಗ್ನಾಜ್ ಟ್ರಾಕ್ಸ್‌ಲರ್ ಒಂದು ವಿಚಿತ್ರವನ್ನು ಗುರುತಿಸಿದ. ದೃಷ್ಟಿಯನ್ನು ಒಂದೇ ಬಿಂದುವಿನ ಮೇಲೆ ಅಲುಗದಂತೆ ನೆಟ್ಟರೆ ಅದರ ಆಸುಪಾಸಿನ ಮಸುಕು ಬಣ್ಣಗಳು ಮೆಲ್ಲಗೆ ಕರಗಿ ಕಾಣೆಯಾಗುತ್ತವೆ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ವಿಜ್ಞಾನಿಗಳು ಕಣ್ಣಿಗೆ ಅಂಟಿಕೊಳ್ಳುವ ಮಸೂರಕ್ಕೆ ಪುಟ್ಟ ಕನ್ನಡಿ ಜೋಡಿಸಿ, ಕಣ್ಣು ಎತ್ತ ಸರಿದರೂ ಬಿಂಬವೂ ಅತ್ತಲೇ ಸರಿಯುವಂತೆ ಮಾಡಿದರು. ಅಕ್ಷಿಪಟದ ಮೇಲೆ ಹೀಗೆ ಕದಲದೆ ನಿಂತ ಚಿತ್ರ ಕೆಲವೇ ಕ್ಷಣಗಳಲ್ಲಿ ಮಾಸಿಹೋಯಿತು. ವಸ್ತು ಎದುರಿಗೇ ಇದೆ, ಬೆಳಕು ಬೀಳುತ್ತಲೇ ಇದೆ, ಆದರೂ ಕಾಣುವುದಿಲ್ಲ. ಸಾಮಾನ್ಯವಾಗಿ ಹಾಗಾಗದಿರಲು ಕಾರಣ, ನೆಟ್ಟ ನೋಟದ ಹೊತ್ತಿನಲ್ಲೂ ಕಣ್ಣುಗುಡ್ಡೆ ತನ್ನಷ್ಟಕ್ಕೆ ನಡೆಸುವ ಅತಿಸೂಕ್ಷ್ಮ ಚಲನೆಗಳು. ನರಮಂಡಲ ಬದಲಾವಣೆಯನ್ನು ವರದಿ ಮಾಡುತ್ತದೆ. ಬದಲಾಗದೆ ಇರುವುದರ ಬಗ್ಗೆ ಅದು ಬೇಗನೆ ಮೌನ ತಾಳುತ್ತದೆ.

ಸುಖದ ವಿಷಯದಲ್ಲಿ ಈ ಮೌನ ಮೆದುಳಿನ ಒಳಗೇ ಕೇಳಿಸಿದ್ದು 1990ರ ದಶಕದಲ್ಲಿ. ವುಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಸ್ರವಿಸುವ ನರಕೋಶಗಳ ಮಿಡಿತವನ್ನು ಸೂಕ್ಷ್ಮ ವಿದ್ಯುದ್ವಾರಗಳಿಂದ ಆಲಿಸುತ್ತಿದ್ದರು. ಅನಿರೀಕ್ಷಿತವಾಗಿ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಆ ನರಕೋಶಗಳು ಚುರುಕಾಗಿ ಮಿಡಿಯುತ್ತಿದ್ದವು. ರಸಕ್ಕೆ ಮುನ್ನ ಒಂದು ಸಂಕೇತ ಕೊಟ್ಟು ಅಭ್ಯಾಸ ಮಾಡಿಸಿದ ಮೇಲೆ ಮಿಡಿತ ಸಂಕೇತದ ಕಡೆಗೆ ವಾಲಿತು. ರಸ ಬಂದಾಗ ನರಕೋಶಗಳು ಎಂದಿನ ಮಂದ ಲಯದಲ್ಲೇ ಉಳಿದವು. ಸಂಕೇತ ಕೊಟ್ಟೂ ರಸ ಕೊಡದಿದ್ದಾಗ, ರಸ ಬರಬೇಕಿದ್ದ ಆ ಗಳಿಗೆಗೆ ಸರಿಯಾಗಿ ಮಿಡಿತ ಕುಸಿಯಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಈ ನರಕೋಶಗಳು ಸಾರುವುದು ಸಿಕ್ಕ ಫಲ ಎಷ್ಟೆಂಬುದನ್ನಲ್ಲ, ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ನಡುವಿನ ಅಂತರವನ್ನು. ಇದನ್ನು ನಿರೀಕ್ಷಾದೋಷ ಎನ್ನಬಹುದು. ಕಲಿಯುವ ಜೀವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಗೊತ್ತಿರುವುದನ್ನೇ ಮತ್ತೆ ಮತ್ತೆ ಕಲಿಯುತ್ತ ಕೂತರೆ ಹೊಸದಕ್ಕೆ ಪುರುಸೊತ್ತೆಲ್ಲಿ? ಆದರೆ ಇದರ ಬೆಲೆಯೂ ಸಣ್ಣದಲ್ಲ. ತಪ್ಪದೆ ಬರುವ ಒಳಿತು ಗಮನದಿಂದ ಜಾರುತ್ತದೆ, ಅದು ಒಂದು ದಿನ ತಪ್ಪಿದರೆ ಮಾತ್ರ ಚುರುಕ್ಕೆನ್ನುತ್ತದೆ. ಬೆಳಗಿನ ಕಾಫಿ ದಿನವೂ ಹೊತ್ತಿಗೆ ಸರಿಯಾಗಿ ಬಂದಾಗ ಯಾರೂ ಏನೂ ಹೇಳದೆ, ಹಾಲು ಒಡೆದ ದಿನ ಮನೆಯೆಲ್ಲ ಮಾತನಾಡುವುದು ಇದೇ ನಿಯಮದ ಮನೆಮಟ್ಟದ ರೂಪ.

ಮನೋವಿಜ್ಞಾನಿಗಳಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲೇ, ಸುಖಕ್ಕೆ ಮನಸ್ಸು ಹೀಗೆ ಹೊಂದಿಕೊಂಡುಬಿಡುವ ಸುಖಾನುಕೂಲನದ ಬಗ್ಗೆ ಬರೆದಿದ್ದರು. 1978ರಲ್ಲಿ ಬ್ರಿಕ್‌ಮನ್ ತಂಡ 22 ಮಂದಿ ಲಾಟರಿ ವಿಜೇತರನ್ನು ಸಂದರ್ಶಿಸಿದಾಗ, ಅವರು ನೆರೆಹೊರೆಯವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಗೆಳೆಯರೊಡನೆ ಹರಟುವುದು, ಟಿವಿ ನೋಡುವುದು, ತಿಂಡಿ ತಿನ್ನುವುದು ಮುಂತಾದ ದಿನನಿತ್ಯದ ಸಂತೋಷಗಳಲ್ಲಿ ಅವರಿಗೆ ರುಚಿ ತುಸು ಕಡಿಮೆಯೇ ಆಗಿತ್ತು. ಅದು ಚಿಕ್ಕ ಅಧ್ಯಯನ; ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟುವಂತಿಲ್ಲ. ಜರ್ಮನಿಯ ಸಾವಿರಾರು ಕುಟುಂಬಗಳನ್ನು ವರ್ಷವರ್ಷವೂ ಪ್ರಶ್ನಿಸಿ ಕಲೆಹಾಕಿದ ಮಾಹಿತಿಯನ್ನು ರಿಚರ್ಡ್ ಲ್ಯೂಕಸ್ ಮತ್ತು ಜೊತೆಗಾರರು ವಿಶ್ಲೇಷಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಜೀವನತೃಪ್ತಿಯಲ್ಲಿ ಮದುವೆ ತಂದ ಹೆಚ್ಚಳ ಸರಾಸರಿಯಲ್ಲಿ ಕೆಲವು ವರ್ಷಗಳಲ್ಲಿ ಹಳೆಯ ಮಟ್ಟಕ್ಕೆ ಮರಳಿತ್ತು. ಕೆಲಸ ಕಳೆದುಕೊಂಡವರ ಕಥೆ ಹಾಗಲ್ಲ. ಮತ್ತೆ ಉದ್ಯೋಗ ಸಿಕ್ಕ ಮೇಲೂ ಅವರ ಜೀವನತೃಪ್ತಿ ಮೊದಲಿನ ಮಟ್ಟವನ್ನು ಪೂರ್ತಿಯಾಗಿ ಮುಟ್ಟಲಿಲ್ಲ. ಒಳಿತು ಬೇಗ ಮಾಸುತ್ತದೆ, ಪೆಟ್ಟು ಮಾಸಲು ತಡವಾಗುತ್ತದೆ. ನೌಕರಿಯೊಂದು ಕೈಯಲ್ಲಿರುವುದರ ತೂಕವನ್ನು ಅಳೆಯಲು ಈ ಅಸಮತೆಗಿಂತ ಬೇರೆ ತಕ್ಕಡಿ ಬೇಕಿಲ್ಲ.

ಸಿಕ್ಕಿದ್ದನ್ನು ಎಣಿಸುವ ಅಭ್ಯಾಸ ಈ ಹಿನ್ನೆಲೆಯಲ್ಲಿ ಅರ್ಥ ಪಡೆಯುತ್ತದೆ. ಬದುಕಿಗೆ ಅದು ಹೊಸದೇನನ್ನೂ ಸೇರಿಸುವುದಿಲ್ಲ. ಕದಲದೆ ನಿಂತು ಮಾಸಿಹೋದ ಬಿಂಬವನ್ನು ಕಣ್ಣಿನ ಸಣ್ಣ ಅಲುಗಾಟ ಮರಳಿ ತರುವಂತೆ, ಎಣಿಕೆ ಗಮನವನ್ನು ಒಂದಿಷ್ಟು ಅಲುಗಿಸುತ್ತದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಎಮನ್ಸ್ ಮತ್ತು ಮಯಾಮಿಯ ಮೈಕೆಲ್ ಮೆಕಲ್ಲೊ ಇದನ್ನು ಪ್ರಯೋಗಕ್ಕೆ ಒಡ್ಡಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಹತ್ತು ವಾರ, ವಾರಕ್ಕೊಮ್ಮೆ ಐದು ಸಂಗತಿಗಳವರೆಗೆ ಬರೆಯಲು ಹೇಳಲಾಯಿತು. ಒಂದು ಗುಂಪು ಬರೆದದ್ದು ಕೃತಜ್ಞತೆಯ ಕಾರಣಗಳನ್ನು, ಇನ್ನೊಂದು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದ ಘಟನೆಗಳನ್ನು. ಮೊದಲ ಪಟ್ಟಿಯಲ್ಲಿ ಈ ಬೆಳಿಗ್ಗೆ ಎದ್ದದ್ದು, ಗೆಳೆಯರ ಔದಾರ್ಯ, ಒಳ್ಳೆಯ ತಂದೆತಾಯಿ ಇದ್ದರೆ, ಎರಡನೆಯದರಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದ್ದು, ಕರಗುತ್ತಿರುವ ದುಡ್ಡು, ಯಾರೂ ಶುಚಿ ಮಾಡದ ಅಡುಗೆಮನೆ ಇದ್ದವು. ಹತ್ತು ವಾರಗಳ ಕೊನೆಗೆ ಮೊದಲ ಗುಂಪಿನವರು ತಮ್ಮ ಬದುಕನ್ನು ಒಟ್ಟಾರೆಯಾಗಿ ಹೆಚ್ಚು ಮೆಚ್ಚಿಕೊಂಡಿದ್ದರು, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ತೋರಿದರು, ಮೈನೋವಿನ ದೂರುಗಳೂ ಅವರಲ್ಲಿ ಕಡಿಮೆ ಇದ್ದವು.

ಎಣಿಕೆಯೂ ದಿನಚರಿಯಾಗಿಬಿಟ್ಟರೆ ಅದಕ್ಕೂ ಮೆದುಳು ಹೊಂದಿಕೊಳ್ಳುತ್ತದೆ ಎಂಬ ಸೂಚನೆಗಳಿವೆ. ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಎಣಿಸಿದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಎಣಿಸಿದವರಿಗೆ ಆಗಲಿಲ್ಲ. ಇನ್ನೂ ಸ್ವಾರಸ್ಯದ ದಾರಿಯೊಂದನ್ನು 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು ತೋರಿಸಿದರು. ಅದು ಕೂಡುವುದಲ್ಲ, ಕಳೆಯುವುದು. ಬಾಳಸಂಗಾತಿಯನ್ನು ಹೇಗೆ ಭೇಟಿಯಾದೆವೆಂದು ಬರೆದವರಿಗಿಂತ, ಆ ಭೇಟಿ ಆಗದೆಯೇ ಹೋಗಬಹುದಿತ್ತು ಎಂಬುದನ್ನು ಕಲ್ಪಿಸಿ ಬರೆದವರಲ್ಲಿ ಸಂಬಂಧದ ತೃಪ್ತಿ ಹೆಚ್ಚು ಕಂಡಿತು. ನಿರೀಕ್ಷಾದೋಷದ ಬೆಳಕಿನಲ್ಲಿ ಇದು ಸಹಜವಾಗಿಯೇ ಕಾಣುತ್ತದೆ. ಖಚಿತವೆಂದುಕೊಂಡದ್ದು ಒಂದು ಗಳಿಗೆ ಆಕಸ್ಮಿಕವಾದರೆ, ಅದು ಮತ್ತೆ ಹೊಸದಾಗಿ ಸಿಕ್ಕಿದಂತೆ.

ಆದರೆ ಕುಟುಂಬದಲ್ಲಿ ಮಾಸುವುದು ಸುಖ ಮಾತ್ರವಲ್ಲ, ಬೇರೆಯವರ ದುಡಿಮೆಯೂ ಮಾಸುತ್ತದೆ. ಈ ವಿಷಯದ ಹೃದಯ ಇರುವುದು ಇಲ್ಲಿಯೇ. 1979ರಲ್ಲಿ ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 37 ದಂಪತಿಗಳಿಗೆ, ಅಡುಗೆಯಿಂದ ಹಿಡಿದು ಮಕ್ಕಳ ಆರೈಕೆಯವರೆಗೆ ಮನೆಯ ಯಾವ ಕೆಲಸದಲ್ಲಿ ಯಾರ ಪಾಲು ಎಷ್ಟೆಂದು ಬೇರೆಬೇರೆಯಾಗಿ ಕೇಳಿದರು. ಇಬ್ಬರ ಉತ್ತರ ಕೂಡಿಸಿದಾಗ ಬಹುತೇಕ ಕಡೆ ಮೊತ್ತ ನೂರನ್ನು ದಾಟಿತು. ಇದನ್ನು ಸುಳ್ಳೆಂದಾಗಲಿ ಜಂಬವೆಂದಾಗಲಿ ಹೇಳಲಾಗದು; ಜಗಳ ತೆಗೆಯುವಂಥ ಕೆಟ್ಟ ಬಾಬತ್ತುಗಳಲ್ಲೂ ಜನ ತಮ್ಮ ಪಾಲನ್ನೇ ಹೆಚ್ಚೆಂದು ಹೇಳಿದ್ದರು. ತಾನು ಮಾಡಿದ್ದು ತನ್ನ ನೆನಪಿಗೆ ಬೇಗ ಬರುತ್ತದೆ, ಅಷ್ಟೇ. ತಾನು ಎದ್ದು ಗ್ಯಾಸ್ ಸಿಲಿಂಡರ್ ಬದಲಿಸಿದ್ದು ನೆನಪಿರುತ್ತದೆ. ಅತ್ತೆ ರಾತ್ರಿಯೇ ಉದ್ದು ನೆನೆಸಿಟ್ಟದ್ದು, ಗಂಡ ಮಗುವಿನ ಶಾಲೆಯ ವ್ಯಾನಿನವನಿಗೆ ದುಡ್ಡು ಕೊಟ್ಟು ಬಂದದ್ದು ಕಣ್ಣಿಗೆ ಬಿದ್ದೇ ಇರುವುದಿಲ್ಲ. ಮನೆಯ ಒಳಿತುಗಳನ್ನು ಎಣಿಸಲು ಕೂತವರ ಪಟ್ಟಿಯಲ್ಲಿ ವಸ್ತುಗಳ ಬದಲು ಇಂಥ ಕೈಗಳು ಬಂದರೆ, ಆ ಎಣಿಕೆ ನೆನಪಿನ ಈ ಓರೆಯನ್ನು ತಿದ್ದುವ ಕೆಲಸವನ್ನೂ ಮಾಡುತ್ತದೆ.

ತಿದ್ದಿದ್ದರ ಫಲ ಇಬ್ಬರಿಗೂ ಸಿಗುತ್ತದೆ. ಸಾರಾ ಆಲ್ಗೋ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟಿಗೆ ಬಾಳುವ ಜೋಡಿಗಳು ಎರಡು ವಾರ ರಾತ್ರಿ ದಿನಚರಿ ಬರೆದರು. ಒಬ್ಬರ ಸಣ್ಣ ಉಪಕಾರಕ್ಕೆ ಇನ್ನೊಬ್ಬರಲ್ಲಿ ಕೃತಜ್ಞತೆ ಮೂಡಿದ ದಿನದ ಮರುದಿನ, ಉಪಕಾರ ಪಡೆದವರಲ್ಲೂ ಮಾಡಿದವರಲ್ಲೂ ಸಂಬಂಧದ ಆಪ್ತತೆ ಏರಿತ್ತು. ಮನೆಯ ಹೊರಗೂ ಇದರ ಗುರುತುಗಳಿವೆ. ಅದೇ ವರ್ಷ ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ ನಡೆಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಯೊಬ್ಬನ ಅರ್ಜಿಪತ್ರ ತಿದ್ದಿಕೊಟ್ಟವರಿಗೆ ಬರಿಯ ಸ್ವೀಕೃತಿಯ ಉತ್ತರ ಬಂದಾಗ ಮತ್ತೆ ನೆರವಿಗೆ ಬಂದವರು ಶೇ 32. ಮನಃಪೂರ್ವಕ ಧನ್ಯವಾದ ಬಂದಾಗ ಶೇ 66. ತಮ್ಮ ಕೆಲಸ ಯಾರಿಗೋ ಬೇಕಾಗಿದೆ ಎಂಬ ಅರಿವೇ ಇದಕ್ಕೆ ಕಾರಣವಾಗಿತ್ತು, ಮನಸ್ಸಿಗೆ ಆದ ಕ್ಷಣಿಕ ಹಿತವಲ್ಲ.

ಇಷ್ಟರಿಂದ ಎಣಿಕೆಯನ್ನು ಸರ್ವರೋಗಕ್ಕೆ ಮದ್ದೆಂದು ಸಾರುವುದು ಅನ್ಯಾಯ. ಮುಂದೆ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಗಳು ಅದರ ಪರಿಣಾಮ ಸಾಧಾರಣವೆಂದೇ ಹೇಳಿವೆ. ಖಿನ್ನತೆ ಮತ್ತು ಆತಂಕದ ಮೇಲೆ ಅದು ಇನ್ನೂ ಅಲ್ಪ. ಅಂಥ ನೋವಿಗೆ ವೈದ್ಯರ ನೆರವೇ ಬೇಕು. ಕಡಿಮೆ ಸಂಬಳ ಕೊಟ್ಟು ಹೆಚ್ಚು ದುಡಿಸಿಕೊಳ್ಳುವವರೆದುರು, ಮನೆಯಲ್ಲಿ ಕೈಯೆತ್ತುವವರೆದುರು ಇದ್ದುದರಲ್ಲೇ ತೃಪ್ತಿ ಪಡೆ ಎನ್ನುವ ಉಪದೇಶಕ್ಕೆ ಈ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಬದಲಾವಣೆಯನ್ನೂ ಕೊರತೆಯನ್ನೂ ಗುರುತಿಸುವ ನರಕೋಶಗಳು ವಿಕಾಸದಲ್ಲಿ ಉಳಿದುಬಂದದ್ದು ಅವು ಜೀವ ಕಾಯುತ್ತವೆ ಎಂಬ ಕಾರಣಕ್ಕೇ.

ಹಾಗಿದ್ದೂ ಎಮನ್ಸ್ ಮತ್ತು ಮೆಕಲ್ಲೊ ಅವರ ಅದೇ 2003ರ ಲೇಖನದ ಮೂರನೆಯ ಅಧ್ಯಯನ ಗಮನ ಬೇಡುತ್ತದೆ. ಅದರಲ್ಲಿದ್ದವರು ಆರೋಗ್ಯವಂತ ವಿದ್ಯಾರ್ಥಿಗಳಲ್ಲ, ನರ ಮತ್ತು ಸ್ನಾಯುಗಳ ಕಾಯಿಲೆಯೊಡನೆ ಬದುಕುತ್ತಿದ್ದ ವಯಸ್ಕರು; ಅವರಲ್ಲಿ ಪೋಲಿಯೋ ಬಿಟ್ಟುಹೋದ ದೌರ್ಬಲ್ಯದವರೂ ಇದ್ದರು. 21 ದಿನ ಒಳಿತುಗಳನ್ನು ಬರೆದಿಟ್ಟ ಗುಂಪಿನವರು ಇತರರಿಗಿಂತ ಹೆಚ್ಚು ಹೊತ್ತು ನಿದ್ರಿಸಿದರು, ಏಳುವಾಗ ಹೆಚ್ಚು ಲವಲವಿಕೆಯಿಂದಿದ್ದರು. ಅವರ ಕಾಯಿಲೆ ಹಾಗೆಯೇ ಇತ್ತು. ಸಂಶೋಧಕರು ಅವರ ಬಾಳಸಂಗಾತಿಗಳಿಗೂ ಆಪ್ತರಿಗೂ ಪ್ರತ್ಯೇಕವಾಗಿ ಪ್ರಶ್ನಾವಳಿ ಕಳಿಸಿದ್ದರು. ಈ ಗುಂಪಿನವರು ಹೆಚ್ಚು ಗೆಲುವಾಗಿದ್ದಾರೆ, ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದಾರೆ ಎಂದು ಆ ಮನೆಯವರೂ ಗುರುತಿಸಿ ಬರೆದಿದ್ದರು.