ಅರಬ್ಬಿ ಸಮುದ್ರದ ಕಳ್ಳಲೆಕ್ಕ

2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ನದಿ ದಂಡೆ ಮೀರಿ ಗುಜರಾತಿನ ವಡೋದರಾ ಊರೊಳಗೆ ನುಗ್ಗಿದಾಗ, ನದಿಯ ಹಳೇ ನಿವಾಸಿಗಳೂ ಅದರ ಜೊತೆ ಬಂದವು. ಅಕೋಟಾ ಸ್ಟೇಡಿಯಂ ಬಳಿ ಮನೆಯೊಂದರ ಮಾಡಿನ ಮೇಲೆ ಮೊಸಳೆ ಆರಾಮಾಗಿ ಮಲಗಿದ್ದ ವಿಡಿಯೊ ದೇಶವೆಲ್ಲ ಸುತ್ತಿತು. ಮೂರು ದಿನದಲ್ಲಿ 24 ಮೊಸಳೆಗಳನ್ನು ಹಿಡಿದ ಅರಣ್ಯ ಸಿಬ್ಬಂದಿ, ನದಿಯಲ್ಲಿ ಒಟ್ಟು 440 ಇವೆ ಎಂದೂ ಹೇಳಿದರು. ಬಲೆಗೆ ಬಿದ್ದವು ಇಪ್ಪತ್ತನಾಲ್ಕು. ಉಳಿದ ನಾನೂರ ಹದಿನಾರನ್ನು ಎಣಿಸುವುದಾದರೂ ಹೇಗೆ?

ಮೊಸಳೆ ಎಣಿಕೆಗೆ ಚಳಿಗಾಲವೇ ಸುಗ್ಗಿ. ಹಗಲಿನಲ್ಲಿ ಬಿಸಿಲು ಕಾಯಿಸಲು ದಡಕ್ಕೆ ಬಂದವನ್ನು ಎಣಿಸಬಹುದು. ರಾತ್ರಿಯಾದರೆ ಟಾರ್ಚ್. ಕತ್ತಲ ನೀರಿನ ಮೇಲೆ ಬೆಳಕು ಹಾಯಿಸಿದರೆ ಅಲ್ಲೊಂದು ಇಲ್ಲೊಂದು ಕೆಂಡದ ಚುಕ್ಕಿ ಹೊಳೆಯುತ್ತದೆ. ಮೊಸಳೆಯ ಕಣ್ಣಿನ ಹಿಂಭಾಗದಲ್ಲಿರುವ ಕನ್ನಡಿಯಂಥ ಪದರ ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ ಈ ಹೊಳಪು. ಆದರೆ ಬೆಳಕು ಹಾಯುವ ಹೊತ್ತಿಗೇ ಮುಳುಗಿದ ಮೊಸಳೆಗೆ ಪಟ್ಟಿಯಲ್ಲಿ ಜಾಗವಿಲ್ಲ. ದಡದ ಬಿಲದೊಳಗೆ ಮಲಗಿದ್ದಕ್ಕೂ ಇಲ್ಲ. ಹಾಗಾಗಿ ಇಂಥ ಎಣಿಕೆಯಿಂದ ಮೊದಲು ಸಿಗುವುದು ಇರುವ ಮೊಸಳೆಗಳ ಸಂಖ್ಯೆಯಲ್ಲ, ಕಂಡ ಮೊಸಳೆಗಳ ಸಂಖ್ಯೆ.

ಕಿರಿದಾದ ನದಿಯಲ್ಲೇ ಈ ಪಾಡಾದರೆ ಸಮುದ್ರದಲ್ಲಿ? ಅದೇ 2024ರ ಅಕ್ಟೋಬರಿನಲ್ಲಿ ಗುಜರಾತ್ ಸರ್ಕಾರ ತನ್ನ ಕರಾವಳಿಯ ಡಾಲ್ಫಿನ್ ಲೆಕ್ಕ ಪ್ರಕಟಿಸಿತು: 4,087 ಚದರ ಕಿ.ಮೀ.ಯಲ್ಲಿ 680. ಓಖಾದಿಂದ ನವಲಖಿವರೆಗಿನ 1,384 ಚದರ ಕಿ.ಮೀ.ಯಲ್ಲೇ 498, ಭಾವನಗರ ಭಾಗದ 494 ಚದರ ಕಿ.ಮೀ.ಯಲ್ಲಿ ಬರೀ 10. ನೂರು ಚದರ ಕಿ.ಮೀ.ಗೆ ಒಂದು ಕಡೆ 36, ಇನ್ನೊಂದು ಕಡೆ ಎರಡು. ಭಾವನಗರ ಇರುವುದು ಖಂಭಾತ್ ಕೊಲ್ಲಿಯ ದಡದಲ್ಲಿ, ಸೂರತ್ತಿಗೆ ಎದುರು ದಿಕ್ಕಿನಲ್ಲಿ. ಹತ್ತು ಮೀಟರಿಗೂ ಮಿಕ್ಕಿ ಏರಿಳಿಯುವ ಭರತ–ಇಳಿತ ಅಲ್ಲಿನ ಕೆಸರನ್ನು ದಿನಕ್ಕೆರಡು ಸಲ ಕಲಕುತ್ತದೆ. ನೀರಿನ ಬಣ್ಣ ಗಟ್ಟಿ ಚಹಾದ್ದು. ಡಾಲ್ಫಿನ್ ಉಸಿರಿಗೆಂದು ತಲೆ ಎತ್ತುವುದು ಒಂದೆರಡು ಕ್ಷಣ ಮಾತ್ರ. ಅಲ್ಲಿ ಡಾಲ್ಫಿನ್ ಕಡಿಮೆಯೋ, ಕಣ್ಣಿಗೆ ಬಿದ್ದದ್ದು ಕಡಿಮೆಯೋ ಎಂಬುದನ್ನು 10 ಎಂಬ ಅಂಕಿ ಒಂದೇ ಹೇಳಲಾರದು.

ಇವೆಲ್ಲ ಪ್ರಾಮಾಣಿಕ ತೊಡಕುಗಳು. ಲೆಕ್ಕ ಬರೆಯುವವನೇ ಸುಳ್ಳು ಬರೆದರೆ ಏನಾಗುತ್ತದೆ ಎಂಬುದಕ್ಕೂ ಇದೇ ಅರಬ್ಬಿ ಸಮುದ್ರ ಸಾಕ್ಷಿ.

ದೀಪಾವಳಿಗೆ ಅಹಮದಾಬಾದ್, ಸೂರತ್ತಿನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಅದು ಚೋಪಡಾ ಪೂಜನ. ಆ ಪುಸ್ತಕದ ಮೊದಲ ಸಾಲು ಆರಂಭದ ಶಿಲ್ಕು. ಅದೇ ತಪ್ಪಾದರೆ ವರ್ಷವಿಡೀ ಕೂಡಿ ಕಳೆದದ್ದೆಲ್ಲ ತಪ್ಪು. ತಿಮಿಂಗಿಲಗಳ ಸಂಖ್ಯೆ 'ಚೇತರಿಸಿಕೊಂಡಿದೆ' ಎನ್ನಬೇಕಾದರೂ ಬೇಟೆಗೆ ಮೊದಲು ಎಷ್ಟಿದ್ದವು ಎಂಬ ಶಿಲ್ಕು ಬೇಕು. ಆಗ ಎಣಿಸಿದವರಿಲ್ಲ. ಹಾಗಾಗಿ ವಿಜ್ಞಾನಿಗಳು ಬೇಟೆಗಾರರ ದಾಖಲೆ ಹಿಡಿದು, ಕೊಂದದ್ದನ್ನೂ ಹುಟ್ಟಿದ್ದನ್ನೂ ಸರಿತೂಗಿಸುತ್ತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ.

ಆ ದಾಖಲೆಯಲ್ಲೇ ಕನ್ನ ಬಿದ್ದಿತ್ತು. ದಕ್ಷಿಣ ಗೋಳಾರ್ಧದ ಸಮುದ್ರಗಳಲ್ಲಿ ತಾನು ಕೊಂದ ಹಂಪ್‌ಬ್ಯಾಕ್ ತಿಮಿಂಗಿಲಗಳು 2,710 ಎಂದು ಸೋವಿಯತ್ ಒಕ್ಕೂಟ ವರದಿ ಕೊಟ್ಟಿತ್ತು. ನಿಜ ಸಂಖ್ಯೆ 48,000ಕ್ಕೂ ಹೆಚ್ಚು. ಯೋಜನೆಯ ಗುರಿ ಮುಟ್ಟಿದರೆ ನಾವಿಕರಿಗೆ ಬೋನಸ್ಸು. ತಿಮಿಂಗಿಲ ಉಳಿಯುತ್ತದೋ ಇಲ್ಲವೋ ಯಾರಿಗೆ ಬೇಕಿತ್ತು! ಹಡಗಿನಲ್ಲಿದ್ದ ಕೆಲವು ಜೀವವಿಜ್ಞಾನಿಗಳು ಮಾತ್ರ ಅಸಲಿ ದಾಖಲೆಯನ್ನು ಗುಟ್ಟಾಗಿ ಉಳಿಸಿಕೊಂಡಿದ್ದರು. ಡಿಮಿಟ್ರಿ ತೊರ್ಮೊಸೊವ್ ಅವರಂತೂ ಅದನ್ನು ಆಲೂಗೆಡ್ಡೆ ಇಡುವ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದರು. ಒಕ್ಕೂಟ ಒಡೆದ ಮೇಲೆ, 1993ರಲ್ಲಿ ರಷ್ಯಾದ ಜೀವವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಈ ವಂಚನೆಯನ್ನು ಜಗತ್ತಿನ ಮುಂದೆ ಬಿಚ್ಚಿಟ್ಟರು.

1997ರಲ್ಲಿ ಸೋವಿಯತ್ ಕಾಲದ ಜೀವವಿಜ್ಞಾನಿ ಯೂರಿ ಮಿಖಾಲೆವ್ ಪ್ರಕಟಿಸಿದ ಲೇಖನ ನಮ್ಮ ಕಡಲಿಗೇ ಸಂಬಂಧಿಸಿದ್ದು. 1965 ಮತ್ತು 1966ರ ನವೆಂಬರಿನಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕರಾವಳಿಯಾಚೆ 242 ಹಂಪ್‌ಬ್ಯಾಕ್‌ಗಳನ್ನು ಕಾನೂನು ಮೀರಿ ಕೊಂದಿದ್ದವು. ಅದರಲ್ಲಿ 238 ಬಲಿಯಾದದ್ದು 1966ರಲ್ಲೇ. ಹೊಟ್ಟೆ ಸೀಳಿದಾಗ ಅನೇಕವುಗಳಲ್ಲಿ ಆಹಾರ ಸಿಕ್ಕಿತು. ಬೇರೆಡೆಯ ಹಂಪ್‌ಬ್ಯಾಕ್‌ಗಳು ತಣ್ಣನೆಯ ಧ್ರುವದ ಕಡೆ ಉಂಡು, ಬೆಚ್ಚನೆಯ ಕಡಲಿಗೆ ಬಂದು ಉಪವಾಸವಿದ್ದು ಮರಿ ಹಾಕುತ್ತವೆ. ಇವು ಉಣ್ಣುವುದೂ ಹೆರುವುದೂ ಇಲ್ಲೇ. ಬೇರೆ ಬಳಗಗಳಿಂದ ಇವು ಬೇರ್ಪಟ್ಟು ಸುಮಾರು 70,000 ವರ್ಷವಾಯಿತು ಎಂದು 2014ರ ತಳಿವಿಜ್ಞಾನ ಅಧ್ಯಯನ ಹೇಳುತ್ತದೆ.

ಈಗ ಎಷ್ಟು ಉಳಿದಿವೆ? ಇದಕ್ಕೆ ಬಳಸುವ ಉಪಾಯವನ್ನು ಹುಣಸೆಬೀಜದಲ್ಲಿ ತೋರಿಸಬಹುದು. ಚೀಲದಿಂದ 50 ಬೀಜ ತೆಗೆದು ಸುಣ್ಣದ ಬೊಟ್ಟಿಟ್ಟು ಮತ್ತೆ ಸೇರಿಸಿ, ಚೆನ್ನಾಗಿ ಕುಲುಕಿ. ಇನ್ನೊಮ್ಮೆ 50 ತೆಗೆದಾಗ ಬೊಟ್ಟಿನವು 5 ಬಂದರೆ, ಬೊಟ್ಟಿನವು ಹತ್ತರಲ್ಲೊಂದು ಎಂದಾಯಿತು. ಚೀಲದಲ್ಲಿ ಸುಮಾರು 500 ಬೀಜಗಳಿವೆ. ತಿಮಿಂಗಿಲಕ್ಕೆ ಬೊಟ್ಟು ಇಡಬೇಕಿಲ್ಲ, ಬಾಲದ ಅಡಿಯ ಕಪ್ಪು–ಬಿಳಿ ಚಿತ್ತಾರ ಪ್ರತಿಯೊಂದಕ್ಕೂ ಬೇರೆ ಬೇರೆ. ಒಮಾನ್ ಕರಾವಳಿಯಲ್ಲಿ 2000ದಿಂದ 2004ರವರೆಗೆ ತೆಗೆದ ಫೋಟೊಗಳಿಂದ ಬಂದ ಉತ್ತರ 82. ಸಂಶೋಧಕರು ಅದರ ಪಕ್ಕದಲ್ಲೇ ಇನ್ನೊಂದು ಮಾತು ಬರೆದರು: 60ರಿಂದ 111ರ ನಡುವೆ ಎಷ್ಟಾದರೂ ಇರಬಹುದು. ಪತ್ರಿಕೆಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಎರಡನೆಯ ಮಾತಿಗೇ.

ಕನ್ನಡಿಗರಿಗೆ ಈ ಉಪಾಯ ಹೊಸದಲ್ಲ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಹುಲಿಗಳ ಗುರುತು ಹಿಡಿದು ಉಲ್ಲಾಸ ಕಾರಂತರು ಮಾಡಿದ್ದು ಇದೇ ಲೆಕ್ಕ. ಆಗ ಸರ್ಕಾರಿ ಗಣತಿ ಹೆಜ್ಜೆಗುರುತುಗಳನ್ನು ನೆಚ್ಚಿಕೊಂಡಿತ್ತು. ಆ ಪದ್ಧತಿಯಲ್ಲಿ 2001–02ರಲ್ಲಿ ದೇಶದ ಹುಲಿಗಳು 3,642; ಕ್ಯಾಮೆರಾ ಬಂದ ಮೇಲೆ, 2006ರಲ್ಲಿ 1,411. ನಡುವೆ ರಾಜಸ್ಥಾನದ ಸರಿಸ್ಕಾದಲ್ಲಿ ಕಡತದ ಹುಲಿಗಳು ಕಾಡಿನಲ್ಲಿ ಒಂದೂ ಇಲ್ಲ ಎಂಬುದು ಬಯಲಾಗಿತ್ತು. ಆ ಇಳಿಕೆಯಲ್ಲಿ ಸತ್ತ ಹುಲಿಗಳೆಷ್ಟು, ಎಂದೂ ಇರದೆ ಲೆಕ್ಕ ತುಂಬಿದ ಹುಲಿಗಳೆಷ್ಟು ಎಂದು ಈಗ ಬಿಡಿಸುವುದು ಕಷ್ಟ.

ತಿಮಿಂಗಿಲಗಳ ಮರುಹುಟ್ಟು ಸುಳ್ಳೇನಲ್ಲ. 1982ರಲ್ಲಿ ವಾಣಿಜ್ಯ ಬೇಟೆಯ ನಿಷೇಧಕ್ಕೆ ಒಪ್ಪಿಗೆ ಬಿತ್ತು. ಅಟ್ಲಾಂಟಿಕ್‌ನ ನೈಋತ್ಯ ಭಾಗದಲ್ಲಿ 450ರಷ್ಟಕ್ಕೆ ಕುಸಿದಿದ್ದ ಹಂಪ್‌ಬ್ಯಾಕ್‌ಗಳು ಈಗ ಸುಮಾರು 25,000 ಎಂದು 2019ರ ಅಂದಾಜು. ಆದರೆ ಏರಿದ್ದು ಏರುತ್ತಲೇ ಇರುತ್ತದೆ ಎಂದೇನಿಲ್ಲ. ಉತ್ತರ ಪೆಸಿಫಿಕ್‌ನಲ್ಲಿ 2012ರಲ್ಲಿ 33,000 ದಾಟಿದ್ದ ಸಂಖ್ಯೆ 2021ರ ಹೊತ್ತಿಗೆ 27,000ಕ್ಕಿಂತ ಕೆಳಗಿಳಿಯಿತು. ಜೀವಿಗಳ ಅಳಿವಿನ ಅಪಾಯ ಅಳೆಯುವ ಜಾಗತಿಕ ಪಟ್ಟಿಯಲ್ಲಿ ಹಂಪ್‌ಬ್ಯಾಕ್ ಈಗ 'ಆತಂಕವಿಲ್ಲದ' ಜೀವಿ. ಆ ದೊಡ್ಡ ಮೊತ್ತದೊಳಗೆ ಅರಬ್ಬಿ ಸಮುದ್ರದ ಪುಟ್ಟ ಬಳಗ ಕಾಣಿಸುವುದೇ ಇಲ್ಲವೆಂದು, ಅದಕ್ಕೆ ಬೇರೆಯಾಗಿ 'ಅಳಿವಿನಂಚಿನ' ಪಟ್ಟಿಯಲ್ಲಿ ಜಾಗ ಕೊಡಬೇಕಾಯಿತು.

ಆ ಬಳಗದ ಹೆಣ್ಣೊಂದಕ್ಕೆ 2017ರ ಕೊನೆಯಲ್ಲಿ ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಅಂಟಿಸಿದರು. ಹೆಸರು ಲುಬಾನ್, ಅರಬ್ಬಿಯಲ್ಲಿ ಧೂಪದ ಅಂಟು. ಒಮಾನ್‌ನ ಹಂಪ್‌ಬ್ಯಾಕ್‌ಗಳು ಆ ಕರಾವಳಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ ಎಂದೇ ಹಲವರು ತಿಳಿದಿದ್ದರು. ಲುಬಾನ್ ಸೀದಾ ಸಮುದ್ರ ದಾಟಿ ಗೋವಾದ ಆಚೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಕನ್ಯಾಕುಮಾರಿಯತ್ತ ಇಳಿಯಿತು. ಕಾರವಾರ, ಮಲ್ಪೆ, ಮಂಗಳೂರಿನ ಆಚೆಯ ನೀರಿನಲ್ಲೇ ಅದು ಹಾದುಹೋಗಿರಬೇಕು. ದಡದ ಯಾವ ಲೆಕ್ಕದ ಪುಸ್ತಕಕ್ಕೂ ಅದು ಸೇರಲಿಲ್ಲ. ಅದರ ದಾರಿ ಗೊತ್ತಾದದ್ದು ಬೆನ್ನಿನ ಮೇಲಿದ್ದ ಪುಟ್ಟ ಟ್ಯಾಗಿನಿಂದ.