ಬಸ್ಕಿಗೆ ಗಟ್ಟಿ ನೆಲವೇ ಬೇಕು

ದೊಡ್ಡ ಜಿಮ್‌ಗಳ ಮೂಲೆಯಲ್ಲಿ ನೀಲಿ ಬಣ್ಣದ ಅರ್ಧ ಚೆಂಡೊಂದು ಕಾಣುತ್ತದೆ. ಬೋಸು ಬಾಲ್ ಎಂದು ಅದರ ಹೆಸರು; ಅಮೆರಿಕದ ಡೇವಿಡ್ ವೆಕ್ 1999ರಲ್ಲಿ ರೂಪಿಸಿದ್ದು. ಅದರ ಮೇಲೆ ನಿಂತು ಬಸ್ಕಿ ಹೊಡೆಯುವವರ ಕಾಲನ್ನು ಹತ್ತಿರದಿಂದ ನೋಡಿ. ಬೆರಳುಗಳು ರಬ್ಬರನ್ನು ಹಿಡಿಯಲು ಮುದುಡಿಕೊಳ್ಳುತ್ತವೆ, ಪಾದ ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ವಾಲುತ್ತದೆ, ಮೊಣಕಾಲು ನಡುಗುತ್ತದೆ. ಹತ್ತು ಬಸ್ಕಿ ಮುಗಿಯುವಷ್ಟರಲ್ಲಿ ಬೆವರು ಇಳಿಯುತ್ತದೆ. ಇಷ್ಟು ಕಷ್ಟಪಟ್ಟ ಮೇಲೆ ತೊಡೆ ಬಲಿಯಲೇಬೇಕು ಅನ್ನಿಸುವುದು ಸಹಜ. ಆದರೆ ತೊಡೆಗೆ ಅಲ್ಲಿ ಸಿಗುವ ಕೆಲಸ ಕಡಿಮೆಯೇ.

ಮೊಣಕಾಲನ್ನು ನೆಟ್ಟಗೆ ಮಾಡುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್, ಮಡಿಸುವುದು ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ನೆಲ ಗಟ್ಟಿಯಿದ್ದರೆ ಮುಂದಿನ ಸ್ನಾಯು ನಿರಾತಂಕವಾಗಿ ಬಲ ಹಾಕುತ್ತದೆ. ನೆಲ ಅಲುಗಾಡಿತೋ, ಬೀಳದಂತೆ ಕೀಲನ್ನು ಕಾಯುವುದೇ ಮೆದುಳಿಗೆ ಮೊದಲ ಕೆಲಸವಾಗುತ್ತದೆ. ಎರಡೂ ಸ್ನಾಯುಗಳು ಒಟ್ಟಿಗೆ ಬಿಗಿಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ, ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ.

ಕೆನಡಾದ ಸಂಶೋಧಕ ಡೇವಿಡ್ ಬೆಹ್ಮ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಅಳೆದು ತೋರಿಸಿದರು. ಸ್ಥಿರವಾದ ಆಸನದಲ್ಲಿ ಕೂತಾಗಿನದಕ್ಕೆ ಹೋಲಿಸಿದರೆ, ಸ್ವಿಸ್ ಬಾಲ್ ಎಂಬ ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲೆ ಕೂತು ಕಾಲು ಚಾಚುವಾಗ ತೊಡೆಯ ಬಲ ಸುಮಾರು ಶೇ 70ರಷ್ಟು ಕುಸಿಯಿತು. ಪಾದವನ್ನು ಕೆಳಕ್ಕೊತ್ತುವ ಮೀನಖಂಡದ ಬಲ ಇಳಿದದ್ದು ಶೇ 20ರಷ್ಟು ಮಾತ್ರ. ನಿಂತು ಹೊಡೆಯುವ ಬಸ್ಕಿಯ ಕಥೆಯೂ ಬೇರೆಯಲ್ಲ. ಅಮೆರಿಕದಲ್ಲಿ 2006ರಲ್ಲಿ ನಡೆದ ಪರೀಕ್ಷೆಯಲ್ಲಿ, ಅಲುಗಾಡುವ ಆಧಾರದ ಮೇಲೆ ನಿಂತವರು ಹಾಕಿದ ಬಲ ಸುಮಾರು ಶೇ 45ರಷ್ಟು ಕಡಿಮೆಯಿತ್ತು. ತೊಡೆ ಸ್ನಾಯುಗಳ ವಿದ್ಯುತ್ ಚಟುವಟಿಕೆಯೂ ಮೂರರಲ್ಲೊಂದು ಪಾಲು ತಗ್ಗಿತ್ತು.

ಹಾಗಾದರೆ ಆ ದಣಿವು ಎಲ್ಲಿಯದು? ಮೀನಖಂಡದ ಆಳದಲ್ಲಿರುವ ಸೋಲಿಯಸ್ ಸ್ನಾಯು, ಸೊಂಟ, ಹೊಟ್ಟೆ ಇವು ಹೆಚ್ಚು ದುಡಿಯುತ್ತವೆ. ದಣಿವು ನಿಜ, ಜಾಗ ಮಾತ್ರ ಬೇರೆ. ತೊಡೆ ಬಲಿಯಬೇಕಾದರೆ ಭಾರ ಏರುತ್ತಾ ಹೋಗಬೇಕು, ಮತ್ತು ಚೆಂಡಿನ ಮೇಲೆ ನಿಂತು ಯಾರೂ ಅಷ್ಟು ಭಾರ ಹೊರಲಾರರು. ಹೊರಲು ಹೋಗುವುದಂತೂ ಅಪಾಯ. ಹೆಗಲ ಮೇಲೆ ಬಾರ್ ಇಟ್ಟು ಹುಡುಗರನ್ನು ಚೆಂಡು ಹತ್ತಿಸುವ ಟ್ರೈನರ್‌ಗಳು ದಯವಿಟ್ಟು ಅದನ್ನು ನಿಲ್ಲಿಸಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್ (ಸಾಕರ್) ಆಟಗಾರರ ಮೇಲೆ 10 ವಾರ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆಲದ ಮೇಲೆ ವ್ಯಾಯಾಮ ಮಾಡಿದವರ 40 ಗಜದ ಓಟದ ಸಮಯ ಶೇ 3.9ರಷ್ಟು ಸುಧಾರಿಸಿತು. ಒಂದಿಷ್ಟು ವ್ಯಾಯಾಮವನ್ನು ಗಾಳಿ ತುಂಬಿದ ಡಿಸ್ಕ್ ಮೇಲೆ ಮಾಡಿದವರದು ಶೇ 1.8 ಮಾತ್ರ. ಜಿಗಿತದ ಶಕ್ತಿಯಲ್ಲೂ ಅವರೇ ಹಿಂದೆ ಬಿದ್ದರು.

ಮೆತ್ತನೆ ಅಡಿಯ ರನ್ನಿಂಗ್ ಶೂ ಕೂಡ ಒಂದು ಪುಟ್ಟ ಅಲುಗಾಡುವ ನೆಲವೇ. ವೇಟ್‌ಲಿಫ್ಟರ್‌ಗಳ ಶೂಗೆ ಅದುಮಿದರೂ ತಗ್ಗದ ಗಟ್ಟಿ ಹಿಮ್ಮಡಿ ಇರುವುದು ಇದೇ ಕಾರಣಕ್ಕೆ.

ಹಾಗೆಂದು ಚೆಂಡನ್ನು ಎಸೆಯಬೇಕಾಗಿಲ್ಲ. ಅದರ ನಿಜವಾದ ಜಾಗ ಉಳುಕಿದ ಕಾಲಿನ ಬಳಿ. ಲಂಡನ್ನಿನ ಮೂಳೆ ಶಸ್ತ್ರವೈದ್ಯ ಮೈಕೆಲ್ ಫ್ರೀಮನ್ 1965ರಲ್ಲೇ ಮುಂದಿಟ್ಟ ವಿಚಾರ ಹೀಗಿದೆ: ಪಾದದ ಗಂಟು ಉಳುಕಿದಾಗ ಅಸ್ಥಿರಜ್ಜುವಿನ ಜೊತೆ ಅದರೊಳಗಿನ ನರತುದಿಗಳಿಗೂ ಪೆಟ್ಟಾಗುತ್ತದೆ, ಪಾದ ಎತ್ತ ವಾಲುತ್ತಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಆ ಸುದ್ದಿಯನ್ನು ಮತ್ತೆ ಚುರುಕುಗೊಳಿಸಲು ಅಲುಗಾಡುವ ಆಧಾರ ನೆರವಾಗುತ್ತದೆ. ನೆದರ್ಲೆಂಡ್ಸ್‌ನ ವಾಲಿಬಾಲ್ ಆಟಗಾರರು ಒಂದು ಋತುವಿಡೀ ಅಲುಗಾಡುವ ಹಲಗೆಯ, ಅಂದರೆ ಬ್ಯಾಲೆನ್ಸ್ ಬೋರ್ಡ್‌ನ, ಅಭ್ಯಾಸ ಮಾಡಿದಾಗ, ಮೊದಲೇ ಕಾಲು ಉಳುಕಿದ್ದವರಲ್ಲಿ ಮರು ಉಳುಕು ಕಡಿಮೆಯಾಯಿತು.

ನಮ್ಮ ಊರುಗಳಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಹುಡುಗ ಹುಡುಗಿಯರು ಉಳುಕಿಗೆ ಎಣ್ಣೆ ತಿಕ್ಕಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಊತ ಇಳಿದೊಡನೆ ಅಂಕಣಕ್ಕೆ ಇಳಿದುಬಿಡುತ್ತಾರೆ. ಅವರಿಗೆ ಬೇಕಾದದ್ದು ಈ ಅಭ್ಯಾಸ. ನೋವು ತಗ್ಗಿದ ಮೇಲೆ ಗೋಡೆಯ ಪಕ್ಕ ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದರಿಂದ ಶುರುಮಾಡಬಹುದು. ಅದು ಸಲೀಸಾದರೆ ಕಣ್ಣು ಮುಚ್ಚಿ, ಆಮೇಲೆ ಫಿಸಿಯೋಥೆರಪಿಸ್ಟ್ ಕಣ್ಗಾವಲಿನಲ್ಲಿ ಬೋರ್ಡ್ ಮೇಲೆ. ಕೈಯಲ್ಲಿ ಭಾರ ಬೇಡ.