ಕೊಬ್ಬರಿ ರೇಟು ಎಲ್ಲರಿಗೂ ಗೊತ್ತು, ಸಾರಿನ ಕಾಲ ಎಷ್ಟು ಜನಕ್ಕೆ ಗೊತ್ತು? ತೆಂಗಿನ ಸೀಮೆಯ ಒಂದು ವರ್ಷದ ಅಡುಗೆ

ತಿಪಟೂರು: ಎಪಿಎಂಸಿಯಲ್ಲಿ ಹರಾಜು ನಡೆದ ದಿನ ಹುಳಿಯಾರಿಂದ ಮಾಯಸಂದ್ರದವರೆಗೆ ಟೀ ಅಂಗಡಿಗಳಲ್ಲಿ ಒಂದೇ ಮಾತು, ಕೊಬ್ಬರಿ ಎಷ್ಟಕ್ಕೆ ಹೋಯ್ತು? 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ, ಮಾರುಕಟ್ಟೆ ಬೆಲೆ ಅದರ ದುಪ್ಪಟ್ಟನ್ನೂ ದಾಟಿತು. ಬೆಲೆ ಬಿದ್ದಾಗ ರೈತ ಅತ್ತ. ಬೆಲೆ ಎದ್ದಾಗ ಅದೇ ರೈತನ ಮನೆಯಲ್ಲಿ ಸಾರಿಗೆ ಹಾಕೋ ಕಾಯನ್ನೂ ಎಣಿಸೋ ಹಾಗಾಯ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅಡುಗೆ ಅಂದ್ರೆ ಬರೀ ಮುದ್ದೆ-ಸಾರು ಅಂತ ಹೊರಗಿನವರು ಅಂದ್ಕೋತಾರೆ. ಆದರೆ ಆ ಸಾರು ತಿಂಗಳಿಗೊಂದು ಥರ ಬದಲಾಗ್ತಿತ್ತು. ಯಾವ ಮಳೆಗೆ ಯಾವ ಕಾಳು ಬಿತ್ತಿದರು, ಯಾವ ಸೊಪ್ಪು ಎದ್ದಿತು, ಅಟ್ಟದ ಮೇಲೆ ಏನಿದೆ ಅನ್ನೋದರ ಮೇಲೆ ಒಲೆ ಮೇಲಿನ ಪಾತ್ರೆ ನಿರ್ಧಾರ ಆಗ್ತಿತ್ತು. ಆ ಲೆಕ್ಕ ಈಗ ಮರೆತು ಹೋಗ್ತಿದೆ. ಅದು ಏನು, ಯಾಕೆ ಹಾಗಿತ್ತು, ಯಾಕೆ ಬದಲಾಯ್ತು ಅನ್ನೋದರ ವಿವರ ಇಲ್ಲಿದೆ.

ಒಂದೇ ಕಾಯಿ, ಮೂರು ವಯಸ್ಸು

ಮೊದಲು ತೆಂಗಿನ ಲೆಕ್ಕ. ಹೊಂಬಾಳೆ ಒಡೆದು ಸುಮಾರು 7 ತಿಂಗಳಿಗೆ ಎಳನೀರು. ಬಿಟ್ಟರೆ 11-12 ತಿಂಗಳಿಗೆ ಬಲಿತ ಕಾಯಿ. ಅದನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಮತ್ತೆ 8ರಿಂದ 12 ತಿಂಗಳು ಬಿಟ್ಟರೆ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತೆ. ಅದೇ ನಮ್ಮ ಉಂಡೆ ಕೊಬ್ಬರಿ. ಹೊಂಬಾಳೆಯಿಂದ ಕೊಬ್ಬರಿಗೆ ಹತ್ತಿರ ಹತ್ತಿರ ಎರಡು ವರ್ಷ. ಎಣ್ಣೆ ಗಾಣಕ್ಕೆ ಹೋಗೋ ಹೋಳು ಕೊಬ್ಬರಿಯನ್ನು ಬಿಸಿಲಲ್ಲೋ ಹೊಗೆಯಲ್ಲೋ ಒಣಗಿಸುತ್ತಾರೆ. ನಮ್ಮದು ತಿನ್ನೋ ಕೊಬ್ಬರಿ, ತಾನಾಗೇ ನೆರಳಲ್ಲಿ ಒಣಗಿದ್ದು. ಅದಕ್ಕೇ ಆ ಸಿಹಿ.

ಅಡುಗೆಗೂ ಇದೇ ಲೆಕ್ಕ. ಬೇಸಿಗೆಯಲ್ಲಿ ಕಾಯಿ ಇಳುವರಿ ಜಾಸ್ತಿ, ಆಗ ಹಸಿ ಕಾಯಿ ಧಾರಾಳ. ಮಳೆಗಾಲದಲ್ಲಿ ಮರ ಜಾರುತ್ತೆ, ಹತ್ತೋದು ಕಷ್ಟ, ಆಗ ಅಟ್ಟದ ಕೊಬ್ಬರಿ ಕೈಗೆ ಬರುತ್ತೆ. ಹಸಿ ಕಾಯಿ ರುಬ್ಬಿದ ಸಾರು ಸಂಜೆ ಹೊತ್ತಿಗೆ ಹಳಸಬಹುದು, ಕೊಬ್ಬರಿ ಹಾಕಿದ್ದು ತಡೆಯುತ್ತೆ. ಹೊಲಕ್ಕೆ ಬುತ್ತಿ ಕಟ್ಟೋ ಮನೆಗಳು ಸಾರಿನ ಪುಡಿಗೆ, ಚಟ್ನಿಪುಡಿಗೆ ಕೊಬ್ಬರಿಯನ್ನೇ ಬಳಸಿದ್ದು ಇದಕ್ಕೇ.

ಯುಗಾದಿಯಿಂದ ಬೇಸಿಗೆ

ವರ್ಷ ಶುರುವಾಗೋದು ಬೇವು-ಬೆಲ್ಲದಿಂದ, ಒಬ್ಬಟ್ಟಿನಿಂದ. ಬೇಳೆ ಬೇಯಿಸಿ ಬಸಿದ ಕಟ್ಟು ಚೆಲ್ಲೋ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ಒಂದಿಷ್ಟು ಹೂರಣ, ಕಾಯಿ, ಹುಣಸೆಹುಳಿ, ಸಾರಿನ ಪುಡಿ ಸೇರಿಸಿದರೆ ಒಬ್ಬಟ್ಟಿನ ಸಾರು. ಮಾರನೇ ದಿನ ಒಬ್ಬಟ್ಟಿಗಿಂತ ಈ ಸಾರಿಗೇ ಜನ ಕಾಯೋದು. ಬಾಡೂಟದ ಮನೆಗಳಲ್ಲಿ ಆ ದಿನ ಹೊಸತೊಡಕು, ಅಲ್ಲೂ ಮಸಾಲೆಗೆ ಕಾಯಿ, ಕೊಬ್ಬರಿ, ಗಸಗಸೆ.

ರಾಮನವಮಿಗೆ ಪಾನಕ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಬೇಳೆಯನ್ನು ಬೇಯಿಸದೆ ನೆನೆಸಿ, ಕಾಯಿತುರಿ ಉದುರಿಸಿ ಕೊಡೋದು ಬಿಸಿಲಿಗೆ ತಂಪು ಅಂತ. ಈ ತಿಂಗಳುಗಳಲ್ಲಿ ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮಾವಿನಕಾಯಿ ಚಿತ್ರಾನ್ನ ಅಥವಾ ಹಸಿ ಮಾವಿನಕಾಯಿ-ಕಾಯಿ ಚಟ್ನಿ.

ಬೇಸಿಗೆಯ ದೊಡ್ಡ ಕೆಲಸ ಅಂದ್ರೆ ವರ್ಷದ ಸಾಮಾನು. ಹೊಸ ಹುಣಸೆಹಣ್ಣು ಬೀಜ ತೆಗೆದು ಉಪ್ಪು ಬೆರೆಸಿ ಗಡಿಗೆಗೆ ತುಂಬೋದು, ಹಪ್ಪಳ-ಸಂಡಿಗೆ, ಉಪ್ಪಿನಕಾಯಿ, ಮೆಣಸಿನಕಾಯಿ-ಧನಿಯ ಒಣಗಿಸಿ ಮಿಲ್ಲಿಗೆ ಒಯ್ಯೋದು. ಏಪ್ರಿಲ್-ಮೇನಲ್ಲಿ ಮಿಲ್ಲುಗಳ ಮುಂದೆ ಕ್ಯೂ ನಿಲ್ಲೋದು ಇದಕ್ಕೇ. ಬಿಸಿಲು ಇರೋವಾಗ ಮಾಡದಿದ್ದರೆ ಮಳೆಗಾಲದಲ್ಲಿ ಮುಗ್ಗಲು ಹಿಡಿಯುತ್ತೆ.

ಮುಂಗಾರು: ಹೆಸರು, ಬೆರಕೆ ಸೊಪ್ಪು, ಬಸ್ಸಾರು

ಅಶ್ವಿನಿ, ಭರಣಿ ಮಳೆ ಹದ ಕೊಟ್ಟರೆ ಈ ಮೂರೂ ತಾಲ್ಲೂಕಿನಲ್ಲಿ ಹೆಸರು, ಅಲಸಂದೆ ಬಿತ್ತುತ್ತಾರೆ. ಹೆಸರು ಎರಡು ತಿಂಗಳು ಚಿಲ್ಲರೆಯಲ್ಲಿ ಕೈಗೆ ಬರೋ ಬೆಳೆ. ಜೂನ್ ಕೊನೆ, ಜುಲೈ ಹೊತ್ತಿಗೆ ಹೊಸ ಹೆಸರುಕಾಳು ಮನೆಗೆ ಬಂದರೆ ಅದೇ ಹೊಲಕ್ಕೆ ಆಮೇಲೆ ರಾಗಿ.

ಮಳೆ ಬಿದ್ದ ಹದಿನೈದು ದಿನಕ್ಕೆ ಹೊಲ, ಬದು, ತೋಟದ ತುಂಬ ಸೊಪ್ಪು. ಅಣ್ಣೆ ಸೊಪ್ಪು, ಹೊನಗೊನೆ, ಗೋಣಿ ಸೊಪ್ಪು, ಜೊತೆಗೆ ಬಿತ್ತದೇ ಬಂದ ದಂಟು, ಎಲ್ಲ ಸೇರಿದರೆ ಬೆರಕೆ ಸೊಪ್ಪು. ಕಳೆ ಕೀಳೋಕೆ ಹೋದ ಹೆಂಗಸರು ಮಡಿಲಲ್ಲಿ ಸಾರಿಗಾಗುವಷ್ಟು ತರ್ತಿದ್ದರು. ಕಳೆನಾಶಕ ಹೊಡೆದ ಹೊಲದಲ್ಲಿ ಈ ಸೊಪ್ಪು ಸಿಗಲ್ಲ.

ಸೊಪ್ಪು-ಕಾಳು ಸೇರಿದಾಗ ಆಗೋದು ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ನೀರು ಬಸಿದುಕೊಳ್ಳಬೇಕು. ಸುಟ್ಟ ಅಥವಾ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಖಾರ, ಹುಣಸೆ, ಕಾಯಿ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಒಂದು ಬೇಯಿಸಿದ್ದು, ಎರಡು ಅಡುಗೆ. ಸೌದೆ ಉಳಿಯಿತು, ಸತ್ವವೂ ನೀರಿನ ಜೊತೆ ಚೆಲ್ಲಿ ಹೋಗಲಿಲ್ಲ.

ಇದೇ ಹೊತ್ತಿಗೆ ಹಲಸು. ಪಕ್ಕದ ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ 'ಸಿದ್ದು' ಹಲಸು ಈಗ ಹೆಸರುವಾಸಿ. ಮನೆಗಳಲ್ಲಿ ಹಣ್ಣಿನಷ್ಟೇ ಬೆಲೆ ಬೀಜಕ್ಕೂ ಇತ್ತು. ಮಳೆಗಾಲದ ತರಕಾರಿ ಇಲ್ಲದ ದಿನಗಳಲ್ಲಿ ಹಲಸಿನ ಬೀಜ ಹಾಕಿದ ಸೊಪ್ಪಿನ ಸಾರು, ಇಲ್ಲವೇ ಕೆಂಡದಲ್ಲಿ ಸುಟ್ಟ ಬೀಜ.

ಶ್ರಾವಣದಿಂದ ದೀಪಾವಳಿ

ನಾಗರಪಂಚಮಿಗೆ ತಂಬಿಟ್ಟು, ಎಳ್ಳಿನ ಚಿಗಳಿ. ಗೌರಿ-ಗಣೇಶಕ್ಕೆ ಕಾಯಿಕಡುಬು. ಪಿತೃಪಕ್ಷ, ಮಾರ್ನಮಿಗೆ ಹಿರಿಯರ ಎಡೆ, ಕುಂಬಳಕಾಯಿ, ವಡೆ. ಹೊಲದಲ್ಲಿ ಇನ್ನೂ ರಾಗಿ ತೆನೆ ಬಲಿಯದ, ಮನೆಯಲ್ಲಿ ಹಳೇ ದವಸ ತಳ ಕಾಣೋ ತಿಂಗಳುಗಳು ಇವು. ಹಿಂದೆ ಹಗೇವಿನಲ್ಲಿ ತುಂಬಿದ್ದ ರಾಗಿ ತೆಗೆಯೋದು ಇಂಥ ಹೊತ್ತಿಗೆ. ರಾಗಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯೋ ಧಾನ್ಯ, ಬರದ ಸೀಮೆಗೆ ಅದೇ ಬ್ಯಾಂಕು. ಹಬ್ಬದ ಸಿಹಿಗಳಲ್ಲಿ ಕಾಯಿ-ಕೊಬ್ಬರಿಯೇ ಮುಂದಿರೋದು ಆಕಸ್ಮಿಕ ಅಲ್ಲ. ಆಗ ಮನೆಯಲ್ಲಿ ಕೊರತೆ ಇಲ್ಲದೆ ಇದ್ದಿದ್ದು ಅಟ್ಟದ ಮೇಲಿನದ್ದೇ.

ಚಳಿಗಾಲ: ಅವರೆ, ಹುಚ್ಚೆಳ್ಳು, ಹುರಳಿ

ನವೆಂಬರ್-ಡಿಸೆಂಬರ್ ರಾಗಿ ಕೊಯ್ಲು. ರಾಗಿ ಹೊಲದಲ್ಲಿ ಬರೀ ರಾಗಿ ಇರ್ತಿರಲಿಲ್ಲ. ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು, ಅದಕ್ಕೆ ಅಕ್ಕಡಿ ಸಾಲು ಅಂತಾರೆ. ಮಳೆ ಕೈಕೊಟ್ಟು ರಾಗಿ ಹೋದರೂ ಅಕ್ಕಡಿಯಲ್ಲಿ ಸಾರಿಗೆ ಏನಾದರೂ ಸಿಗುತ್ತಿತ್ತು.

ಅವರೆಯದ್ದೇ ಒಂದು ಕಾಲ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನೋದು ನಮ್ಮ ಕಡೆ ಮಾತು. ಅವರೆಕಾಳು ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿ ರೊಟ್ಟಿ, ಕಾಳು ನೆನೆಸಿ ಸಿಪ್ಪೆ ಹಿಸುಕಿ ತೆಗೆದರೆ ಹಿತಕಿದಬೇಳೆ ಸಾರು. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡೋ ಗಿಡ, ಹಾಗಾಗಿ ಅದು ಚಳಿಗಾಲಕ್ಕೇ ಮೀಸಲು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದ ನೋಡಲ್ಲ, ವರ್ಷದ ಯಾವ ಕಾಲಕ್ಕೂ ಕಾಯಿ ಬಿಡುತ್ತವೆ. ಬೇಸಿಗೆಯಲ್ಲೂ ಸಂತೆಗೆ ಅವರೆಕಾಯಿ ಬರೋದು ಅದರಿಂದ. ರೈತನಿಗೆ ಅನುಕೂಲ ಆಯ್ತು, ಆದರೆ ಹಳೇ ಸೊಗಡು ಬೇಕು ಅನ್ನೋರು ಚಳಿಗಾಲದ ನಾಟಿ ಅವರೆಗೇ ಕಾಯಬೇಕು.

ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊಬ್ಬರಿ ಕುಟ್ಟಿದ ಚಟ್ನಿಪುಡಿ ರೊಟ್ಟಿಗೆ ಜೊತೆ. ಹಿಂಗಾರಿನ ಹುರಳಿ ಮನೆಗೆ ಬಂದ ಮೇಲೆ ಹುರಳಿಕಟ್ಟಿನ ಸಾರು, ಅದು ಮಾರನೇ ದಿನಕ್ಕೆ ಇನ್ನೂ ರುಚಿ. ಸಂಕ್ರಾಂತಿಗೆ ಹಸಿ ಅವರೆಕಾಳಿನ ಹುಗ್ಗಿ, ಎಳ್ಳು-ಬೆಲ್ಲ. ಬಿಳಿ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲದ ಜೊತೆ ಕಂದು ಸಿಪ್ಪೆ ಹೆರೆದು ಸಣ್ಣಗೆ ಕೊಯ್ದ ಕೊಬ್ಬರಿ. ರಾಜ್ಯದ ಎಷ್ಟೋ ಮನೆಗಳ ಎಳ್ಳಿನ ಡಬ್ಬಿಗೆ ನಮ್ಮ ಅಟ್ಟದಿಂದಲೇ ಕೊಬ್ಬರಿ ಹೋಗುತ್ತೆ.

ಉಷ್ಣ, ತಂಪು: ಇರಾನಿನಲ್ಲೂ ಇದೇ ಲೆಕ್ಕ

ಹುರಳಿ ಉಷ್ಣ, ಹೆಸರು ತಂಪು, ಅವರೆ ವಾಯು, ಅದಕ್ಕೆ ಇಂಗು-ಬೆಳ್ಳುಳ್ಳಿ ಹಾಕು ಅನ್ನೋ ಮಾತು ಪ್ರತಿ ಮನೆಯಲ್ಲೂ ಇದೆ. ಇದು ನಮ್ಮದೊಂದೇ ಲೆಕ್ಕ ಅಲ್ಲ. ಪರ್ಷಿಯಾ, ಅಂದ್ರೆ ಇವತ್ತಿನ ಇರಾನಿನ ಮನೆಗಳಲ್ಲೂ ಆಹಾರವನ್ನು 'ಗರ್ಮ್', 'ಸರ್ದ್' ಅಂತ ವಿಂಗಡಿಸುತ್ತಾರೆ. ನಾವು ಹೇಳೋ ಗರಂ ಮಸಾಲೆಯ ಗರಂ ಬಂದಿದ್ದು ಆ ಭಾಷೆಯಿಂದಲೇ. ಉಷ್ಣದ ಅಕ್ರೋಟಿಗೆ ತಂಪಿನ ದಾಳಿಂಬೆ ರಸ ಸೇರಿಸಿ ಮಾಡೋ 'ಫೆಸೆಂಜಾನ್' ಅಲ್ಲಿನ ಚಳಿಗಾಲದ ಅಡುಗೆ. ಮಾರ್ಚ್ 20-21ರ ಹೊಸ ವರ್ಷ 'ನೌರೋಜ್'ಗೆ ಹೊಸ ಸೊಪ್ಪು ಬೆರೆಸಿದ ಅನ್ನ. ನಮ್ಮ ಯುಗಾದಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಲ್ಲಿ ಅಕ್ರೋಟು, ಇಲ್ಲಿ ಕೊಬ್ಬರಿ. ಸುತ್ತ ಬೆಳೆದಿದ್ದನ್ನು ಕಾಲ ನೋಡಿ ಹದ ಮಾಡೋ ಬುದ್ಧಿ ಮಾತ್ರ ಒಂದೇ.

ಏನು ಬದಲಾಯ್ತು?

ಮೂರು ಕಾರಣ ಎದ್ದು ಕಾಣುತ್ತವೆ.

ಒಂದು, ಹೊಲ ತೋಟವಾಯ್ತು. ರಾಗಿ-ಹೆಸರಿನ ಬೆದ್ದಲು ಜಮೀನಿಗೂ ತೆಂಗು, ಅಡಿಕೆ ಬಂತು. ರಾಗಿ ಹೋದಲ್ಲಿ ಅಕ್ಕಡಿಯೂ ಹೋಯ್ತು, ಅಕ್ಕಡಿ ಹೋದಲ್ಲಿ ಅವರೆ, ಹುಚ್ಚೆಳ್ಳು ಅಂಗಡಿಯಿಂದ ಬರಬೇಕಾಯ್ತು.

ಎರಡು, ಎಳನೀರು. 7 ತಿಂಗಳಿಗೇ ಕಿತ್ತರೆ ಕೈಗೆ ಬೇಗ ಕಾಸು. ಕಾಯಿಗೆ, ಕೊಬ್ಬರಿಗೆ ಕಾಯೋ ತಾಳ್ಮೆ, ಆಳು, ಅಟ್ಟ ಮೂರೂ ಕಡಿಮೆ. ಹುಳ-ರೋಗದಿಂದ ಇಳುವರಿ ಕುಸಿದ ತೋಟದವರಿಗೆ ಬೇರೆ ದಾರಿಯೂ ಕಾಣಲ್ಲ. ಹೊಸದಾಗಿ ಕಟ್ಟೋ ಆರ್‌ಸಿಸಿ ಮನೆಗಳಲ್ಲಿ ಅಟ್ಟವೇ ಇರಲ್ಲ.

ಮೂರು, ಕೆಲಸ. ಹಿತಕಿದಬೇಳೆ ಹಿಸುಕೋದು, ಬೆರಕೆ ಸೊಪ್ಪು ಬಿಡಿಸೋದು ಎಲ್ಲ ಹೆಂಗಸರ ಗಂಟೆಗಟ್ಟಲೆ ದುಡಿಮೆ. ಗಾರ್ಮೆಂಟ್ಸ್‌ಗೆ, ಶಾಲೆಗೆ, ಆಫೀಸಿಗೆ ಹೋಗೋರು ಮನೆಯಲ್ಲಿ ಅದನ್ನೂ ಮಾಡಲಿ ಅನ್ನೋದು ನ್ಯಾಯ ಅಲ್ಲ. ಈ ಅಡುಗೆ ಉಳೀಬೇಕು ಅಂದ್ರೆ ಮನೆಯ ಗಂಡಸರೂ ಸೊಪ್ಪು ಬಿಡಿಸೋಕೆ ಕೂರಬೇಕು.

ಮಾಡಬಹುದಾದ್ದು

ತೋಟದವರಿಗೆ: 30 ಅಡಿ ಅಂತರದ ತೆಂಗಿನ ತೋಟದಲ್ಲಿ ಮೊದಲ 7-8 ವರ್ಷ ನೆಲಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತೆ. ಮರ 25 ವರ್ಷ ದಾಟಿ ಎತ್ತರ ಹೋದ ಮೇಲೆ ಮತ್ತೆ ಬಿಸಿಲು ಸಿಗುತ್ತೆ. ಈ ಎರಡೂ ಹಂತದಲ್ಲಿ ಹೆಸರು, ಅಲಸಂದೆ, ಹುರಳಿ ಬಿತ್ತಬಹುದು. ದ್ವಿದಳ ಬೆಳೆ ಆದ್ದರಿಂದ ಮಣ್ಣಿಗೆ ಸಾರಜನಕವೂ ಸೇರುತ್ತೆ. ನಡುವಿನ ನೆರಳಿನ ವರ್ಷಗಳಿಗೆ ಅರಿಶಿನ, ಕೆಸು, ಬಾಳೆ. ಬದುವಿಗೆ ನಾಲ್ಕು ಸಾಲು ನಾಟಿ ಅವರೆ, ತೊಗರಿ ಹಾಕಿದರೂ ಮನೆ ಮಟ್ಟಿಗೆ ಸಾಕು. ಬೀಜ ಮಾತ್ರ ಪ್ರತಿ ವರ್ಷ ಎತ್ತಿಡಬೇಕು.

ಅಂಗಡಿಯವರಿಗೆ: ಮಾರ್ಚ್‌ನಿಂದ ಮೇವರೆಗೆ ಒಣಮೆಣಸಿನಕಾಯಿ, ಧನಿಯ, ಹೊಸ ಹುಣಸೆ. ಜುಲೈನಲ್ಲಿ ಊರಿನ ಹೊಸ ಹೆಸರುಕಾಳು. ಶ್ರಾವಣಕ್ಕೆ ಎಳ್ಳು, ಹುರಿಗಡಲೆ, ಬೆಲ್ಲ. ಡಿಸೆಂಬರ್-ಜನವರಿಗೆ ಹುಚ್ಚೆಳ್ಳು, ಹುರಳಿ, ಸಂಕ್ರಾಂತಿ ಸಾಮಾನು. ಸುತ್ತಲ ಹಳ್ಳಿಯ ರೈತರಿಂದಲೇ ಕೊಂಡು 'ನಾಟಿ ಅವರೆ', 'ಹೊಸ ಹೆಸರು' ಅಂತ ಬೋರ್ಡು ಹಾಕಿದರೆ ಗಿರಾಕಿ ಕೇಳಿಕೊಂಡು ಬರ್ತಾರೆ. ಬೆಂಗಳೂರಿಂದ ಹಬ್ಬಕ್ಕೆ ಬರೋ ಮಕ್ಕಳು ವಾಪಸ್ ಹೋಗೋವಾಗ ಹುಡುಕೋದು ಇವನ್ನೇ.

ಮನೆಯವರಿಗೆ: ಕೊಬ್ಬರಿ ಉಂಡೆಯಾಗಿ ಇರೋವರೆಗೆ ಗಾಳಿಯಾಡೋ ಒಣ ಜಾಗದಲ್ಲಿ ಚೆನ್ನಾಗಿರುತ್ತೆ. ಒಡೆದ ಮೇಲೆ ತೇವ ತಗುಲಿದರೆ ಕಮಟು. ಬೇಕಾದಷ್ಟೇ ಒಡೆದು, ಒಣ ಡಬ್ಬಿಯಲ್ಲಿಟ್ಟು ಬೇಗ ಖಾಲಿ ಮಾಡಿ. ಕಮಟು ಅಥವಾ ಬೂಷ್ಟು ಕಂಡರೆ ಹೆರೆದು ಬಳಸಬೇಡಿ, ಬಿಸಾಡಿ.

ಇಡೀ ತೋಟದ ಕಾಯಿ ಮನೆಗೇ ಇಟ್ಕೊಳ್ಳಿ ಅಂತ ಯಾರೂ ಹೇಳ್ತಿಲ್ಲ. ಅದು ಬದುಕಿನ ದುಡ್ಡು. ಆದರೆ ಪ್ರತಿ ಕೊಯ್ಲಿನಲ್ಲಿ ಮಾರೋ ರಾಶಿಗೆ ಮುಂಚೆ ಮನೆ ರಾಶಿ ಬೇರೆ ಮಾಡೋ ಪದ್ಧತಿ ಹಿಂದೆ ಇತ್ತು. ಮುಂದಿನ ಕೊಯ್ಲಿಗೆ ಅಷ್ಟು ಮಾಡಿದರೆ, ಜೊತೆಗೆ ಬದುವಿಗೆ ನಾಲ್ಕು ಸಾಲು ಅವರೆ ಬಿದ್ದರೆ, ಬರೋ ಧನುರ್ಮಾಸಕ್ಕೆ ನಿಮ್ಮ ಮನೆಯಲ್ಲೂ ಸೊಗಡಿನ ಸಾರು ಕುದಿಯುತ್ತೆ.